20 ಚದರದ ಮನೆಗೆ 54 ಟನ್ ಕಾರ್ಬನ್

ಮನೆ ಕಟ್ಟಿಸುವವರು ಮೊದಲು ಕೇಳುವುದು ಸೋಲಾರ್ ಬಗ್ಗೆ. ಆಮೇಲೆ ಎಲ್‌ಇಡಿ ದೀಪ, ಮಳೆನೀರು ಕೊಯ್ಲು. ಎಲ್ಲ ಒಳ್ಳೆಯವೇ, ಖಂಡಿತ ಹಾಕಿಸಿ. ಆದರೆ ಗೃಹಪ್ರವೇಶದ ದಿನ ಹಾಲು ಉಕ್ಕುವ ಹೊತ್ತಿಗೇ ಆ ಮನೆಯ ಲೆಕ್ಕದಲ್ಲಿ ಎಷ್ಟು ಕಾರ್ಬನ್ ಡೈ ಆಕ್ಸೈಡ್ ಗಾಳಿಗೆ ಸೇರಿಬಿಟ್ಟಿರುತ್ತದೆ ಅಂತ ಇಷ್ಟು ವರ್ಷಗಳಲ್ಲಿ ನನ್ನನ್ನು ಕೇಳಿದವರು ಇಬ್ಬರೋ ಮೂವರೋ. ಸಿಮೆಂಟು ಸುಡುವಾಗ, ಕಬ್ಬಿಣ ಕರಗಿಸುವಾಗ, ಲಾರಿಯಲ್ಲಿ ತರುವಾಗ, ಸೈಟಿನಲ್ಲಿ ಕಟ್ಟುವಾಗ ಹೊರಬೀಳುವ ಇದಕ್ಕೆ ಎಂಬಾಡಿಡ್ ಕಾರ್ಬನ್ ಅನ್ನುತ್ತಾರೆ.

ಲೆಕ್ಕ ಕಷ್ಟವೇನಲ್ಲ. ಯಾವ ಸಾಮಾನು ಎಷ್ಟು ಕೆಜಿ, ಒಂದು ಕೆಜಿಗೆ ಎಷ್ಟು ಕಾರ್ಬನ್, ಗುಣಿಸಿ ಕೂಡಿಸಬೇಕು ಅಷ್ಟೆ. ಬೆಂಗಳೂರಿನ 30-40 ಸೈಟಿನಲ್ಲಿ ಎರಡು ಅಂತಸ್ತಿನ 20 ಚದರದ, ಅಂದರೆ 2000 ಚದರ ಅಡಿಯ ಮನೆ ಅಂದುಕೊಳ್ಳಿ. ನಮ್ಮಲ್ಲಿ ಸಾಮಾನ್ಯವಾಗಿ ಹಿಡಿಯುವ ಅಂದಾಜು ಚದರ ಅಡಿಗೆ 0.4 ಮೂಟೆ ಸಿಮೆಂಟು, 4 ಕೆಜಿ ಕಂಬಿ. ಅಂದರೆ 50 ಕೆಜಿಯ 800 ಮೂಟೆ, 40 ಟನ್ ಸಿಮೆಂಟು. ಕಂಬಿ 8 ಟನ್. ಓಪಿಸಿ, ಅಂದರೆ ಬೂದಿ ಬೆರೆಸದ ಮಾಮೂಲಿ ಪೋರ್ಟ್‌ಲ್ಯಾಂಡ್ ಸಿಮೆಂಟಾದರೆ ಟನ್ನಿಗೆ ಸುಮಾರು 0.85 ಟನ್ ಕಾರ್ಬನ್ ಡೈ ಆಕ್ಸೈಡ್, ಒಟ್ಟು 34 ಟನ್. ಅದಿರಿನಿಂದ ಮಾಡಿದ ಕಂಬಿಗೆ ಟನ್ನಿಗೆ 2.5ರಂತೆ ಇನ್ನೊಂದು 20 ಟನ್. ಎರಡೇ ಸಾಮಾನಿಗೆ 54 ಟನ್ ಆಯಿತು. ಬ್ಲಾಕು, ಟೈಲ್ಸ್, ಗಾಜು, ಅಲ್ಯುಮಿನಿಯಂ ಇನ್ನೂ ಸೇರಿಸಿಲ್ಲ.

ಎಸಿ ಇಲ್ಲದೆ ತಿಂಗಳಿಗೆ 150 ಯೂನಿಟ್ ಕರೆಂಟು ಸುಡುವ ಮನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಯೂನಿಟ್ಟಿಗೆ ಸುಮಾರು 0.7 ಕೆಜಿ ಹಿಡಿದರೂ ವರ್ಷಕ್ಕೆ 1.3 ಟನ್ ಆಗುತ್ತದೆ. ಹಾಗಾದರೆ ಕಟ್ಟುವಾಗಲೇ 40 ವರ್ಷದ ಕರೆಂಟಿನಷ್ಟು ಮುಗಿಸಿಬಿಟ್ಟೆವು, ಅಲ್ವಾ? ಬೆಂಗಳೂರು, ಮೈಸೂರಿನಂಥ ತಂಪು ಊರುಗಳಲ್ಲಿ ಈ ಲೆಕ್ಕ ಇಷ್ಟು ಮುಖ್ಯವಾಗುವುದು ಇದೇ ಕಾರಣಕ್ಕೆ.

ಸಿಮೆಂಟಿನ ಹೊಗೆ ಬರೀ ಕಲ್ಲಿದ್ದಲಿನದಲ್ಲ. ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿಗೆ ಕಾಯಿಸಿದಾಗ ಕಲ್ಲಿನೊಳಗಿನ ಕಾರ್ಬನ್ ಡೈ ಆಕ್ಸೈಡೇ ಹೊರಬರುತ್ತದೆ, ಅರ್ಧಕ್ಕಿಂತ ಜಾಸ್ತಿ ಪಾಲು ಅದರದ್ದೇ. ಒಲೆಗೆ ಯಾವ ಸೌದೆ ಹಾಕಿದರೂ ಆ ಪಾಲು ಕಡಿಮೆಯಾಗುವುದಿಲ್ಲ, ಸುಟ್ಟ ಕಲ್ಲನ್ನೇ ಕಡಿಮೆ ಬಳಸಬೇಕು. ಪಿಪಿಸಿ ಅನ್ನುವ ಬೂದಿ ಸಿಮೆಂಟಿನಲ್ಲಿ ಶೇ 35ರವರೆಗೆ ಹಾರುಬೂದಿ ಸೇರಿಸಬಹುದು, ಸ್ಲ್ಯಾಗ್ ಸಿಮೆಂಟಿನಲ್ಲಿ ಶೇ 70ರವರೆಗೆ ಉಕ್ಕಿನ ಕುಲುಮೆಯ ಕಿಟ್ಟ. ಬೂದಿಗೆ ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರ ಇದೆ, ಕಿಟ್ಟಕ್ಕೆ ಬಳ್ಳಾರಿ ಕಡೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. 40 ಟನ್ನನ್ನೂ ಪಿಪಿಸಿ ಮಾಡಿದರೆ 34 ಟನ್ ಇದ್ದದ್ದು ಸುಮಾರು 24ಕ್ಕೆ ಇಳಿಯುತ್ತದೆ.

ಇಲ್ಲಿ ಮೇಸ್ತ್ರಿ ತಕರಾರು ತೆಗೆಯುತ್ತಾರೆ. "ಮೋಲ್ಡಿಗೆ ಓಪಿಸಿ 53 ಗ್ರೇಡೇ ಬೇಕು ಸಾರ್, ಪಿಪಿಸಿ ಬೇಗ ಹಿಡಿಯಲ್ಲ." ಅವರು ಹೇಳುವುದರಲ್ಲಿ ಸತ್ಯ ಇದೆ. ಬೂದಿಯ ಸಿಮೆಂಟು ನಿಧಾನಕ್ಕೆ ಗಟ್ಟಿಯಾಗುತ್ತದೆ, ಕೊನೆಯಲ್ಲಿ ಬಲ ಕಡಿಮೆಯೇನಲ್ಲ. ಆದ್ದರಿಂದ ಕ್ಯೂರಿಂಗ್, ಅಂದರೆ ನೀರುಣಿಸುವುದು, ಕನಿಷ್ಠ 10 ದಿನ ಬೇಕು, ಓಪಿಸಿಯ ಹಾಗೆ 7 ಸಾಲದು, ಬೇಸಿಗೆಯಲ್ಲಿ ನಾನು 14 ಮಾಡಿಸುತ್ತೇನೆ. ಕಾಂಕ್ರೀಟಿಗೆ ಆಸರೆ ಕೊಡುವ ಸೆಂಟ್ರಿಂಗ್ ಕೂಡ ಕೆಲವು ದಿನ ತಡವಾಗಿ ಬಿಚ್ಚಬೇಕು. ಬಾಡಿಗೆ ಸ್ವಲ್ಪ ಏರುತ್ತದೆ, ಅದನ್ನು ಮೊದಲೇ ಮಾತಾಡಿಕೊಂಡರೆ ಜಗಳ ಇರುವುದಿಲ್ಲ.

ಆದರೂ ನನ್ನ ಅನುಭವದಲ್ಲಿ ಸಿಮೆಂಟು ಬದಲಿಸುವುದಕ್ಕಿಂತ ಮೊದಲಿನ ಕೆಲಸ ನಕ್ಷೆಯಲ್ಲಿದೆ. ಹಾಲ್ ಮಧ್ಯೆ ಕಾಲಂ ಬೇಡ ಅಂತ 4 ಮೀಟರ್ ಇದ್ದ ಅಂತರವನ್ನು 6 ಮಾಡಿದರೆ ಉದ್ದ ಒಂದೂವರೆ ಪಟ್ಟಾಯಿತು, ಆದರೆ ಬೀಮನ್ನು ಬಗ್ಗಿಸುವ ಬಲ ಎರಡೂಕಾಲು ಪಟ್ಟು. ಬೀಮು ದಪ್ಪ, ಕಂಬಿ ಜಾಸ್ತಿ, ಪಾಯವೂ ದೊಡ್ಡದು. ಅದರ ಮೇಲೆ "ಇರಲಿ ಬಿಡಿ, ಒಂದು ಸೈಜ್ ಜಾಸ್ತಿನೇ ಹಾಕೋಣ" ಅಂತ ಸುಮ್ನೆ ಸೇರಿಸುವ ಕಂಬಿ ಬೇರೆ. ಸುರಕ್ಷತೆಗೆ ಬೇಕಾದ ಅಂಚು ಡಿಸೈನ್ ಲೆಕ್ಕದೊಳಗೇ ಇರುತ್ತದೆ, ಈ ಕಂಬಿ ಅದರ ಹೊರಗಿನದು. ಅದರ ಪ್ರತಿ ಕೆಜಿಗೂ ಎರಡೂವರೆ ಕೆಜಿ ಕಾರ್ಬನ್. ನಕ್ಷೆ ಹಂತದಲ್ಲಿ ಎಂಜಿನಿಯರ್ ಜೊತೆ ಎರಡು ಸಂಜೆ ಕೂತು ಇದನ್ನು ಬಿಡಿಸಿ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಎರಡೇ ಅಂತಸ್ತಾದರೆ ಕಾಲಂ ಯಾಕೆ ಅನ್ನುವ ಪ್ರಶ್ನೆಯೂ ಇದೆ. ಗೋಡೆಯೇ ಭಾರ ಹೊರಬಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸುಟ್ಟ ಇಟ್ಟಿಗೆಯ ಎರಡಂತಸ್ತಿನ ಮನೆಗೆ ಚದರ ಮೀಟರಿಗೆ 2.92 ಗಿಗಾಜೂಲ್ ಶಕ್ತಿ ಬೇಕಾದರೆ, ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಬ್ಲಾಕಿನ ಮನೆಗೆ 1.61 ಸಾಕಾಗಿತ್ತು. ಇದು ಶಕ್ತಿಯ ಅಳತೆ, ಕಾರ್ಬನ್ನಿನದಲ್ಲ, ಆದರೂ ದಿಕ್ಕು ಸ್ಪಷ್ಟ. ಪಾಯ ತೋಡಿದ ಕೆಂಪು ಮಣ್ಣಿನಿಂದಲೇ ಈ ಬ್ಲಾಕು ಒತ್ತಬಹುದು, ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿ. ಉತ್ತರ ಕರ್ನಾಟಕದ ಎರೆಮಣ್ಣಿಗೆ ಬರೀ ಸಿಮೆಂಟು ಆಗಿಬರುವುದಿಲ್ಲ, ಸುಣ್ಣ ಬೇಕಾಗುತ್ತದೆ.

ದೂರದಿಂದ ತಂದದ್ದೆಲ್ಲ ಕೆಟ್ಟದ್ದು ಅನ್ನುವ ನಂಬಿಕೆ ಪೂರ್ತಿ ಸರಿಯಲ್ಲ. 40 ಟನ್ ಸಿಮೆಂಟನ್ನು 300 ಕಿಮೀ ಲಾರಿಯಲ್ಲಿ ತಂದರೆ ಒಂದು ಟನ್ನಿನ ಆಸುಪಾಸು ಕಾರ್ಬನ್, ಸಿಮೆಂಟು ಬದಲಿಸಿ ಉಳಿಸಿದ್ದು ಹತ್ತು. ನೆಲದ ಕಲ್ಲಿನ ವಿಷಯ ಬೇರೆ. ಕಲ್ಲು ಕತ್ತರಿಸಲು ಹೆಚ್ಚು ಶಕ್ತಿ ಬೇಕಿಲ್ಲ, ಹಾಗಾಗಿ ಅಲ್ಲಿ ದೂರವೇ ದೊಡ್ಡದು. ಕಲಬುರಗಿಯ ಶಹಾಬಾದ್ ಕಲ್ಲು ಇರುವಾಗ ಇಟಲಿಯ ಮಾರ್ಬಲ್ ಯಾಕೆ?

ಇನ್ನು ಹಳೆ ಮನೆ. 30 ವರ್ಷ ಆಯಿತು ಅಂತ ಕೆಡವುವ ಮೊದಲು ಕಾಂಕ್ರೀಟು, ಕಂಬಿ ಪರೀಕ್ಷೆ ಮಾಡಿಸಿ ಅಂತ ಕೈಮುಗಿದು ಕೇಳುತ್ತೇನೆ. ಬೆಂಗಳೂರು ದಕ್ಷಿಣದ ಒಂದು ಕುಟುಂಬ ಕೆಡವುವ ಗುತ್ತಿಗೆ ಕೊಟ್ಟೇಬಿಟ್ಟಿತ್ತು. ಪರೀಕ್ಷೆಯಲ್ಲಿ ಪಾಯ, ಕೆಳಗಿನ ಗೋಡೆ, ಮೋಲ್ಡು ಮೂರೂ ಗಟ್ಟಿಯಾಗಿದ್ದವು. ಎರಡು ಕಡೆ ಸೋರುತ್ತಿದ್ದದ್ದನ್ನು ಸರಿಮಾಡಿ, ಮೇಲೆ ಹಗುರ ಬ್ಲಾಕಿನಲ್ಲಿ ಮಗಳಿಗೆ ಒಂದು ಅಂತಸ್ತು ಎತ್ತಿದೆವು. ಲಾರಿ ಚಲನ್‌ಗಳನ್ನು ಕೂಡಿಸಿ ನೋಡಿದಾಗ ಹೊಸದಾಗಿ ಬಂದ ಸಿಮೆಂಟು 300 ಮೂಟೆಯನ್ನೂ ಮುಟ್ಟಿರಲಿಲ್ಲ.