ಪುನರ್ಪುಳಿ ಬಾಟ್ಲಿಯಲ್ಲಿ ಸಕ್ಕರೆ ಎಲ್ಲಿ ಹೋಯಿತು?

ಕಾರ್ಕಳ ಕಡೆಯ ಅಕ್ಕ ಒಬ್ಬರು ಒಂದು ದಿನ ಮಂಗಳೂರಿನ ನಮ್ಮ ಲ್ಯಾಬಿಗೆ ಬಂದರು. ಒಂದು ಕೈಯಲ್ಲಿ ಪುನರ್ಪುಳಿ (ಕೋಕಂ) ಸಿರಪ್ಪಿನ ಬಾಟ್ಲಿ, ಇನ್ನೊಂದರಲ್ಲಿ ನಾವೇ ಕೊಟ್ಟ ರಿಪೋರ್ಟು. ಸಿರಪ್ಪಿನಲ್ಲಿ ಸಕ್ಕರೆ, ಅಂದರೆ ಸುಕ್ರೋಸ್, ಕಡಿಮೆ ಇದೆ, ಗ್ಲುಕೋಸ್ ಮತ್ತು ಫ್ರುಕ್ಟೋಸ್ ಜಾಸ್ತಿ ಇದೆ ಎಂದು ಅದರಲ್ಲಿತ್ತು. ಅದನ್ನು ನೋಡಿದ ಅಂಗಡಿಯವರು 'ಅಗ್ಗದ ಇನ್ವರ್ಟ್ ಸಿರಪ್, ಅಂದರೆ ಮೊದಲೇ ಒಡೆದು ಗ್ಲುಕೋಸ್-ಫ್ರುಕ್ಟೋಸ್ ಮಾಡಿದ ಸಕ್ಕರೆ, ಬೆರೆಸಿದ್ದೀರಿ' ಎಂದು ಮಾಲು ವಾಪಸ್ ಕಳಿಸಿದ್ದರು.

'ನಾನು ಹಾಕಿದ್ದು ಪುನರ್ಪುಳಿ ಸಿಪ್ಪೆ, ಅಂಗಡಿ ಸಕ್ಕರೆ. ಮತ್ತೆಂತ ಇಲ್ಲ ಮಾರಾಯ್ರೆ. ನಿಮ್ಮ ಮಿಷನ್ನಿಗೇ ಎಂತದೋ ಆಗಿದೆ.'

ಮಿಷನ್ನಿಗೆ ಏನೂ ಆಗಿರಲಿಲ್ಲ. ತಪ್ಪಿದ್ದದ್ದು ನಾವು ಆರಿಸಿದ ಕಾಲಮ್‌ನಲ್ಲಿ.

ನಾವು ಸಕ್ಕರೆ ಅಳೆಯುವುದು ಲಿಕ್ವಿಡ್ ಕ್ರೊಮೆಟೊಗ್ರಫಿಯಿಂದ, ಅಂದರೆ ದ್ರಾವಣದಲ್ಲಿ ಬೆರೆತದ್ದನ್ನು ಬೇರೆ ಬೇರೆ ಮಾಡುವ ವಿದ್ಯೆಯಿಂದ. ಅದರ ಜೀವ ಇರುವುದೇ ಕಾಲಮ್‌ನಲ್ಲಿ. ನೋಡಲು ಅದು ಪುಡಿ ತುಂಬಿದ ಒಂದು ಸ್ಟೀಲ್ ಕೊಳವೆ, ಅಷ್ಟೇ. ಒಂದು ತುದಿಯಲ್ಲಿ ಪಂಪು ದ್ರಾವಣ ತಳ್ಳುತ್ತಿರುತ್ತದೆ, ನಡುವೆ ಸ್ಯಾಂಪಲ್‌ನ ಕೆಲವು ಮೈಕ್ರೋಲೀಟರ್ ಸೇರಿಸುತ್ತೇವೆ. ಒಳಗಿನ ಪುಡಿಗೆ ಯಾರ ಜೊತೆ ಒಡನಾಟ ಜಾಸ್ತಿಯೋ ಅವರು ತಡವಾಗಿ ಹೊರಬರುತ್ತಾರೆ. ಮಂಗಳೂರಿನಿಂದ ಉಡುಪಿಗೆ ಹೋಗುವ ಬಸ್ಸುಗಳನ್ನು ನೆನಪಿಸಿಕೊಳ್ಳಿ. ಎಕ್ಸ್‌ಪ್ರೆಸ್ಸು ಬೇಗ ಮುಟ್ಟುತ್ತದೆ. ಹಳೆಯಂಗಡಿ, ಪಡುಬಿದ್ರಿ, ಕಟಪಾಡಿ ಎಂದು ಎಲ್ಲ ಕಡೆ ನಿಲ್ಲುವ ಬಸ್ಸು ನಿಧಾನ. ದಾರಿ ಒಂದೇ, ಮುಟ್ಟುವ ಹೊತ್ತು ಬೇರೆ. ಆ ಹೊತ್ತು ನೋಡಿ ಬಂದವರು ಯಾರು ಎಂದು ಹೇಳುತ್ತೇವೆ.

ಈ ವಿದ್ಯೆ ಶುರುವಾದದ್ದು ಬಣ್ಣದಿಂದ. 1900ರ ದಶಕದ ಆರಂಭದಲ್ಲಿ ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ಟ್ಸ್ವೆಟ್ ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಎಲೆಯ ರಸ ಇಳಿಸಿದ. ಹಸಿರು, ಹಳದಿ ಪಟ್ಟಿಗಳು ಬೇರೆ ಬೇರೆಯಾಗಿ ಕಂಡವು. ತಮಾಷೆ ಎಂದರೆ ಅವನ ಹೆಸರಿಗೂ ರಷ್ಯನ್ ಭಾಷೆಯಲ್ಲಿ ಬಣ್ಣ ಎಂದೇ ಅರ್ಥ. ನಮ್ಮ ಸಕ್ಕರೆಗೆ ಬಣ್ಣವೂ ಇಲ್ಲ, ಅದು ನೇರಳಾತೀತ ಬೆಳಕನ್ನು ಹೆಚ್ಚು ಹೀರುವುದೂ ಇಲ್ಲ. ಹಾಗಾಗಿ ದ್ರಾವಣ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಅಳೆಯುವ ಆರ್‌ಐ (ರಿಫ್ರ್ಯಾಕ್ಟಿವ್ ಇಂಡೆಕ್ಸ್) ಡಿಟೆಕ್ಟರ್ ಬೇಕು. ಅದಕ್ಕೆ ಒಂದಿಷ್ಟು ತಾಪ ಏರುಪೇರಾದರೂ ಆಗದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂತು ಅಂದರೆ ಬೇಸ್‌ಲೈನ್, ಅಂದರೆ ಗ್ರಾಫಿನ ತಳದ ಗೆರೆ, ನೆಟ್ಟಗಾಗುವ ತನಕ ಚಾ ಕುಡಿಯುತ್ತಾ ಕೂರಬೇಕು.

ನಾವು ಆ ಸಿರಪ್ಪನ್ನು ಹಾಕಿದ್ದು ಹೈಡ್ರೋಜನ್ ರೂಪದ ರೆಸಿನ್ ಕಾಲಮ್‌ಗೆ. 30 ಸೆಂಟಿಮೀಟರ್ ಉದ್ದ, 7.8 ಮಿಲಿಮೀಟರ್ ಒಳವ್ಯಾಸ. ಒಳಗೆ ಪಾಲಿಸ್ಟೈರೀನ್ ಜಾತಿಯ ಸಣ್ಣ ಸಣ್ಣ ಗುಂಡುಗಳು, ಅವುಗಳ ಮೈಗೆ ಸಲ್ಫೋನಿಕ್ ಆಮ್ಲದ ಗುಂಪುಗಳು. ಅಮಿನೆಕ್ಸ್ ಎಚ್‌ಪಿಎಕ್ಸ್-87ಎಚ್ ಈ ಬಗೆಯ ಹೆಸರುವಾಸಿ ಕಾಲಮ್. ಓಡಿಸುವ ದ್ರಾವಣ ಬರೀ ನೀರಿಗೆ 5 ಮಿಲಿಮೋಲಾರ್‌ನಷ್ಟು ಸಲ್ಫ್ಯೂರಿಕ್ ಆಮ್ಲ ಸೇರಿಸಿದ್ದು. ಗುಂಡಿನ ಮೈ ಋಣ ವಿದ್ಯುದಂಶದ್ದು. ಆದ್ದರಿಂದ ಆಕ್ಸಾಲಿಕ್‌ನಂತಹ ಗಟ್ಟಿ ಆಮ್ಲಗಳು, ಅವೂ ಋಣ ಅಂಶ ಹೊತ್ತವು, ಒಳಗೆ ನುಗ್ಗಲಾರದೆ ಬೇಗ ಹೊರಬೀಳುತ್ತವೆ. ಅಸಿಟಿಕ್‌ನಂತಹ ಮೆದು ಆಮ್ಲಗಳು ಗುಂಡಿನ ರಂಧ್ರಗಳಿಗೆಲ್ಲ ಹೊಕ್ಕು ಹೊರಟು ತಡವಾಗುತ್ತವೆ. ಸಕ್ಕರೆಗಳು ಗಾತ್ರ ನೋಡಿ ಬೇರೆಯಾಗುತ್ತವೆ, ದೊಡ್ಡದು ಮೊದಲು. ಆಮ್ಲ, ಸಕ್ಕರೆ ಎರಡನ್ನೂ ಒಂದೇ ಓಟದಲ್ಲಿ ತೋರಿಸುವ ಕಾಲಮ್ ಇದು.

ತೆಂಗಿನ ಕಳ್ಳಿಗಂತೂ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ತೆಂಗಿನ ಹೊಂಬಾಳೆಯಿಂದ ಇಳಿಸಿದ ಹಸಿ ನೀರಾದಲ್ಲಿ ಹೆಚ್ಚಿನದೆಲ್ಲ ಸುಕ್ರೋಸ್. ಅದಕ್ಕೇ ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು (ಸಿಪಿಸಿಆರ್‌ಐ) ಕಲ್ಪರಸ ಎಂಬ ತಮ್ಮ ನೀರಾಕ್ಕೆ ಮರದ ಮೇಲೆಯೇ ಮಂಜುಗಡ್ಡೆಯ ಪೆಟ್ಟಿಗೆ ಕಟ್ಟುವುದು. ತಂಪು ಇಲ್ಲದಿದ್ದರೆ ಯೀಸ್ಟ್ ಸುಕ್ರೋಸನ್ನು ಒಡೆದು ಗ್ಲುಕೋಸ್, ಫ್ರುಕ್ಟೋಸ್ ಮಾಡುತ್ತದೆ. ಆಮೇಲೆ ಅದು ಮದ್ಯ. ಬ್ಯಾಕ್ಟೀರಿಯಾ ಸೇರಿಕೊಂಡು ಲ್ಯಾಕ್ಟಿಕ್, ಅಸಿಟಿಕ್ ಆಮ್ಲ. ಬೆಳಿಗ್ಗೆ ಇಳಿಸಿದ್ದನ್ನೂ ಸಂಜೆಯದ್ದನ್ನೂ ಇದೇ ಕಾಲಮ್‌ನಲ್ಲಿ ಹಾಕಿ ನೋಡಿ. ಸಕ್ಕರೆಯ ಪೀಕ್, ಅಂದರೆ ಗ್ರಾಫಿನಲ್ಲಿ ಏಳುವ ಗುಡ್ಡೆ, ಕುಗ್ಗಿ, ಕೊನೆಯಲ್ಲಿ ನಿಧಾನವಾಗಿ ಬರುವ ಈಥೈಲ್ ಆಲ್ಕೊಹಾಲಿನ ಪೀಕ್ ಎದ್ದು ನಿಂತಿರುತ್ತದೆ.

ಹಣ್ಣಿನ ರಸಕ್ಕೆ ಮಾತ್ರ ಇದರಲ್ಲಿ ಒಂದು ಕಿರಿಕಿರಿ ಇದೆ. ಫ್ರುಕ್ಟೋಸ್ ಮತ್ತು ಮ್ಯಾಲಿಕ್ ಆಮ್ಲ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಗೇರುಹಣ್ಣಿನ ರಸದಲ್ಲಿ ಎರಡೂ ಇವೆ. ಆರ್‌ಐ ಡಿಟೆಕ್ಟರ್‌ಗೆ ಕಾಣುವುದು ಒಂದೇ ಗುಡ್ಡೆ. ಹಾಗಾಗಿ ಅದರ ಮೊದಲು ಒಂದು ಯುವಿ (ನೇರಳಾತೀತ) ಡಿಟೆಕ್ಟರ್ ಕೂರಿಸುತ್ತೇವೆ. 210 ನ್ಯಾನೋಮೀಟರ್‌ನಲ್ಲಿ ಆಮ್ಲ ಚೆನ್ನಾಗಿ ಕಾಣುತ್ತದೆ, ಸಕ್ಕರೆ ಕಾಣುವುದೇ ಇಲ್ಲ ಎನ್ನಬಹುದು. ಮ್ಯಾಲಿಕ್ ಎಷ್ಟೆಂದು ಅಲ್ಲಿ ಲೆಕ್ಕ ಹಾಕಿ ಆರ್‌ಐ ಗುಡ್ಡೆಯಿಂದ ಕಳೆಯುವುದು. ಯುವಿ ಮೊದಲು, ಆರ್‌ಐ ಕೊನೆಗೆ. ತಿರುಗುಮುರುಗಾದರೆ ಆರ್‌ಐಯ ಗಾಜಿನ ಸೆಲ್ ಒತ್ತಡಕ್ಕೆ ಒಡೆದೀತು.

ಅಕ್ಕನ ಸಿರಪ್ಪಿಗೆ ಆದದ್ದು ಬೇರೆ. ಆಮ್ಲದ ರೆಸಿನ್, ಆಮ್ಲದ ದ್ರಾವಣ, ಜೊತೆಗೆ ಕಾಲಮ್ ಕಾಯಿಸಿದ್ದು 65 ಡಿಗ್ರಿಗೆ. ಸುಕ್ರೋಸ್ ಒಡೆಯಲು ಇನ್ನೇನು ಬೇಕು? ದಾರಿಯಲ್ಲೇ ಒಂದು ಪಾಲು ಗ್ಲುಕೋಸ್, ಫ್ರುಕ್ಟೋಸ್ ಆಗಿಬಿಟ್ಟಿತ್ತು.

ಇದನ್ನು ಹಿಡಿಯುವುದು ಸುಲಭ, ಆದರೆ ಹಿಡಿಯಬೇಕು ಅಂತ ಹೊಳೆಯಬೇಕು. ಆಗಷ್ಟೇ ಕರಗಿಸಿದ ಶುದ್ಧ ಸುಕ್ರೋಸನ್ನು ಇಂಜೆಕ್ಟ್ ಮಾಡಿದೆ. ಒಂದೇ ಪೀಕ್ ಬರಬೇಕಿತ್ತು. ಬಂತು, ಆದರೆ ಅದರ ಬಾಲ ನೆಲಕ್ಕೆ ಇಳಿಯಲಿಲ್ಲ. ಗ್ಲುಕೋಸ್ ಜಾಗದ ತನಕ, ಅಲ್ಲಿಂದ ಫ್ರುಕ್ಟೋಸ್ ಜಾಗದ ತನಕ ತಗ್ಗಾದ ಒಂದು ಸೇತುವೆ ಹಾಗೇ ಉಳಿದಿತ್ತು. ಮತ್ತೆ ಬಸ್ಸಿಗೇ ಬರೋಣ. ಎಕ್ಸ್‌ಪ್ರೆಸ್ಸಿನಲ್ಲಿ ಹೊರಟವನು ಮುಲ್ಕಿಯಲ್ಲಿ ಇಳಿದು ಎಲ್ಲ ಕಡೆ ನಿಲ್ಲುವ ಬಸ್ಸು ಹತ್ತಿದರೆ ಉಡುಪಿಗೆ ಎರಡೂ ಹೊತ್ತಲ್ಲದ ಹೊತ್ತಿಗೆ ಮುಟ್ಟುತ್ತಾನೆ. ಒಬ್ಬೊಬ್ಬರು ಒಂದೊಂದು ಕಡೆ ಬಸ್ಸು ಬದಲಿಸಿದರೆ ಉಡುಪಿಯಲ್ಲಿ ನಡುವಿನ ಹೊತ್ತೆಲ್ಲ ಜನ ಇಳಿಯುತ್ತಲೇ ಇರುತ್ತಾರೆ. ಸೇತುವೆ ಎಂದರೆ ಅದೇ. ಬಾಟ್ಲಿಯಲ್ಲೇ ಒಡೆದಿದ್ದ ಸಕ್ಕರೆ ಹಾಗಲ್ಲ, ಮೊದಲೇ ನಿಧಾನದ ಬಸ್ಸು ಹತ್ತಿದವರು. ಚೂಪಾದ ಪೀಕ್ ಕೊಡುತ್ತದೆ.

ಹಾಗಾದರೆ ಕ್ಯಾಲ್ಸಿಯಂ ರೂಪದ ಕಾಲಮ್, ಅಂದರೆ ಅಂಥದೇ ಗುಂಡುಗಳ ಮೇಲೆ ಹೈಡ್ರೋಜನ್ ಬದಲು ಕ್ಯಾಲ್ಸಿಯಂ ಕೂತದ್ದು, ಹಾಕಬಹುದಿತ್ತಲ್ಲ? ಸಕ್ಕರೆಗೆ ಅದು ಚಂದ. ಬರೀ ನೀರು ಸಾಕು, ಸಕ್ಕರೆಯ ಹೈಡ್ರಾಕ್ಸಿಲ್ ಗುಂಪುಗಳು ಕ್ಯಾಲ್ಸಿಯಂಗೆ ಮೆಲ್ಲಗೆ ಅಂಟುತ್ತಾ ಬಿಡುತ್ತಾ ಸಾಗುತ್ತವೆ. 80-85 ಡಿಗ್ರಿ ಕಾಯಿಸಬೇಕು, ಇಲ್ಲದಿದ್ದರೆ ಗ್ಲುಕೋಸಿನ ಎರಡು ರೂಪಗಳು ಬೇರೆ ಬೇರೆ ವೇಗದಲ್ಲಿ ಹೋಗಿ ಪೀಕ್ ಅಗಲವಾಗುತ್ತದೆ. ಆದರೆ ಹುಳಿ ಸ್ಯಾಂಪಲ್ ನೇರ ಹಾಕಿದಿರೋ, ಕೆಟ್ಟಿತು. ಆಮ್ಲ ಕ್ಯಾಲ್ಸಿಯಂ ಅನ್ನು ಎಬ್ಬಿಸಿ ಅದರ ಜಾಗದಲ್ಲಿ ಹೈಡ್ರೋಜನ್ ಕೂರಿಸುತ್ತದೆ. ಆಮೇಲೆ ಈ ಕಾಲಮ್ಮೂ ಸುಕ್ರೋಸ್ ಒಡೆಯಲು ಶುರು ಮಾಡುತ್ತದೆ, ಅದೂ 85 ಡಿಗ್ರಿಯಲ್ಲಿ! ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಬಿಂಬುಳಿ ರಸವನ್ನು ಹೀಗೇ ಸುಮ್ನೆ ಫಿಲ್ಟರ್ ಮಾಡಿ ಹಾಕಿದ್ದೆ. ಒಳ್ಳೆಯದೊಂದು ಸೆಕೆಂಡ್ ಹ್ಯಾಂಡ್ ಸ್ಕೂಟರಿನ ಬೆಲೆಯ ಕಾಲಮ್. ಕ್ಯಾಲ್ಸಿಯಂ ನೈಟ್ರೇಟ್ ಹರಿಸಿ ಹರಿಸಿ ಅರ್ಧ ಜೀವ ಬರಿಸಿದೆವು. ಬೈಗುಳ ಪೂರ್ತಿ ಸಿಕ್ಕಿತು.

ಉಳಿದದ್ದು ಅಮೈನೋ ಕಾಲಮ್, ಪುಡಿಯ ಮೈಗೆ ಅಮೈನ್ ಗುಂಪು ಅಂಟಿಸಿದ್ದು. ಆಮ್ಲ ಬೇಡ, ಅಷ್ಟು ಬಿಸಿಯೂ ಬೇಡ. ಸುಕ್ರೋಸ್ ಸುಕ್ರೋಸಾಗಿಯೇ ಹೊರಬರುತ್ತದೆ, ಅದೂ ಫ್ರುಕ್ಟೋಸ್, ಗ್ಲುಕೋಸ್ ಬಂದ ಮೇಲೆ. ಆದರೆ ಮುಕ್ಕಾಲು ಪಾಲು ಅಸಿಟೋನೈಟ್ರೈಲ್ ಎಂಬ ದ್ರಾವಕ ಹರಿಸಬೇಕು. ಅದು ದುಬಾರಿ. 2008-09ರಲ್ಲಿ ಜಗತ್ತಿನಲ್ಲೆಲ್ಲ ಅದಕ್ಕೆ ಬರ ಬಂದದ್ದೂ ಉಂಟು. ಮತ್ತೆ, ಗ್ಲುಕೋಸ್ ಈ ಪುಡಿಯ ಅಮೈನ್ ಗುಂಪಿನ ಜೊತೆ ಮೆಲ್ಲಗೆ ಪ್ರತಿಕ್ರಿಯೆ ನಡೆಸುತ್ತದೆ. ಮಂಗಳೂರು ಬನ್ಸ್ ಎಣ್ಣೆಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದಲ್ಲ, ಬಾಳೆಹಣ್ಣಿನ ಸಕ್ಕರೆ ಮತ್ತು ಮೈದಾದ ಪ್ರೋಟೀನು ಸೇರಿ, ಅದರ ಮೊದಲ ಹೆಜ್ಜೆಯೇ ಇದು. ಹೀಗಾಗಿ ಅಮೈನೋ ಕಾಲಮ್ಮಿಗೆ ಆಯುಸ್ಸು ಕಡಿಮೆ.

ಸಿರಪ್ಪನ್ನು ಚೆನ್ನಾಗಿ ತೆಳು ಮಾಡಿ, ಆಮ್ಲವನ್ನು ಸಣ್ಣ ಕಾರ್ಟ್ರಿಜ್‌ನಲ್ಲಿ ತಡೆದು, ಅಮೈನೋ ಕಾಲಮ್‌ಗೆ ಹಾಕಿದೆವು. ನಮ್ಮ ಮೊದಲ ರಿಪೋರ್ಟಿಗಿಂತ ಸುಕ್ರೋಸ್ ಎಷ್ಟೋ ಜಾಸ್ತಿ ಬಂತು. ಆದರೂ ಗ್ಲುಕೋಸ್, ಫ್ರುಕ್ಟೋಸ್ ಇದ್ದವು, ಎರಡೂ ಸಮಸಮ. ಅದು ಬಾಟ್ಲಿಯದ್ದೇ. ಪುನರ್ಪುಳಿ ಅಷ್ಟು ಹುಳಿ, ತಿಂಗಳುಗಟ್ಟಲೆ ಇಟ್ಟರೆ ಅದೂ ಸುಕ್ರೋಸನ್ನು ಒಡೆಯುತ್ತದೆ. ನಮ್ಮ ಕಾಲಮ್ ನಿಮಿಷಗಳಲ್ಲಿ ಮಾಡಿದ್ದನ್ನು ಬಾಟ್ಲಿ ಆರು ತಿಂಗಳು ತೆಗೆದುಕೊಂಡು ಮಾಡಿತ್ತು.

ಆಮ್ಲದ ಪರೀಕ್ಷೆಯನ್ನೂ ಮಾಡಿಬಿಡೋಣ ಎನಿಸಿತು. ಅಂಗಡಿಯ ಕೆಲವು ಸಿರಪ್ಪುಗಳಿಗೆ ಸಿಟ್ರಿಕ್ ಆಮ್ಲ ಸೇರಿಸಿರುತ್ತಾರೆ. ಪುನರ್ಪುಳಿಯ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಅದರ ಹತ್ತಿರದ ನೆಂಟ ಉಪ್ಪಾಗೆಯಲ್ಲಿರುವುದು ಟಾರ್ಟಾರಿಕ್, ಸಿಟ್ರಿಕ್ ಎಂದೇ ಹಿಂದೆ ತಿಳಿದಿದ್ದರು. ಅಲ್ಲ ಎಂದು 1965ರಲ್ಲಿ ತೋರಿಸಿದವರು ಲೂಯಿಸ್ ಮತ್ತು ನೀಲಕಂಠನ್. ಆಮ್ಲದ ಪರೀಕ್ಷೆಗೆ ನಾವು ಬಳಸಿದ್ದು ಸಿ18 ಕಾಲಮ್, ಅಂದರೆ ಹದಿನೆಂಟು ಇಂಗಾಲದ ಎಣ್ಣೆಯಂತಹ ಸರಪಳಿ ಅಂಟಿಸಿದ ಪುಡಿ, ಜೊತೆಗೆ ಆಮ್ಲೀಯ ಫಾಸ್ಫೇಟ್ ದ್ರಾವಣ. ಸಕ್ಕರೆ ಇಲ್ಲಿ ನಿಲ್ಲುವುದೇ ಇಲ್ಲ, ನೇರ ಹೊರಗೆ. ಆದರೆ ಮಾಮೂಲಿ ಸಿ18 ಪುಡಿಗೆ ಬರೀ ನೀರೆಂದರೆ ಕೆಸುವಿನ ಎಲೆಗೆ ನೀರು ಹಾಕಿದ ಹಾಗೆ, ಅಂಟುವುದಿಲ್ಲ. ಪಂಪು ನಿಲ್ಲಿಸಿದರೆ ರಂಧ್ರಗಳಿಂದ ನೀರು ಹೊರಬಂದು ಪೀಕ್‌ಗಳೆಲ್ಲ ಮುಂದೆ ಓಡುತ್ತವೆ. ನೂರಕ್ಕೆ ನೂರು ನೀರನ್ನೂ ತಾಳುವಂತೆ ಮಾಡಿದ ಸಿ18 ಬೇರೆಯೇ ಸಿಗುತ್ತದೆ, ಅದನ್ನೇ ಕೊಳ್ಳಬೇಕು.

ಅಕ್ಕನ ಸಿರಪ್ಪಿನಲ್ಲಿ ಹೈಡ್ರಾಕ್ಸಿಸಿಟ್ರಿಕ್ ದೊಡ್ಡ ಪೀಕ್, ಪಕ್ಕದಲ್ಲಿ ಅದರದ್ದೇ ಲ್ಯಾಕ್ಟೋನ್. ಕುದಿಸಿದಾಗ ಈ ಆಮ್ಲ ತನ್ನೊಳಗೇ ಸುತ್ತಿಕೊಂಡು ಲ್ಯಾಕ್ಟೋನ್ ಆಗುತ್ತದೆ. ಸೇರಿಸಿದ ಸಿಟ್ರಿಕ್‌ನ ಗುರುತು ಕಾಣಲಿಲ್ಲ.

ಹೊಸ ರಿಪೋರ್ಟ್ ಕೊಟ್ಟೆವು, ಹಳೆಯದನ್ನು ರದ್ದು ಮಾಡಿದ ಪತ್ರದ ಜೊತೆ. ಅವರು ಎರಡು ಸಲ ಓದಿದರು. 'ಅಂದ್ರೆ ಸಕ್ಕರೆ ಅರ್ಧ ನಿಮ್ಮಲ್ಲಿ ಒಡೆದದ್ದು, ಅರ್ಧ ನನ್ನ ಬಾಟ್ಲಿಯಲ್ಲಿ, ಅಲ್ವಾ?' ಎಂದರು. ಹೆಚ್ಚುಕಡಿಮೆ ಹಾಗೇ ಎಂದೆ. ಮರುವರ್ಷದ ಬಾಟ್ಲಿ ಏಪ್ರಿಲ್‌ನಲ್ಲಿ ಬಂತು, ಕಾಯಿಸಿದ ದಿನಾಂಕ ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದಿತ್ತು.