ಆ ಒಂದು ಕ್ರಿಯಾಪದ ಮುಟ್ಬೇಡಿ

ಶ್ರೀಲಂಕಾದ ತಮಿಳು ಪೇಪರ್‌ಗಳ ಸಂಪಾದಕೀಯ, ಅಂಕಣಗಳನ್ನ ಕನ್ನಡಕ್ಕೆ ಮಾಡಿಕೊಡೋದು ನನ್ನ ಕೆಲಸ. 2009ರಲ್ಲಿ ಅಲ್ಲಿನ ಅಂತರ್ಯುದ್ಧ ಮುಗಿದ ದಿನ ಮೇ 18, ಅದು ಹತ್ರ ಬಂತು ಅಂದ್ರೆ ಡೆಸ್ಕಿಂದ ಅದೇ ಫೋನು, 'ಮೇಡಂ, ಕಾಣೆಯಾದವರು ಅಂತ ಹಾಕ್ಬಿಟ್ಟೆ, ಓದೋಕೆ ಸಲೀಸು.' ಒಳ್ಳೆ ಹುಡುಗ, ರಾತ್ರಿ ಹನ್ನೆರಡರ ತನಕ ಕೂತು ಪುಟ ಮಾಡ್ತಾನೆ, ಆದ್ರೆ ಅದೊಂದು ಬದಲಾಯಿಸಿದ್ರೆ ಲೇಖನದ ಜೀವನೇ ಹೋಗುತ್ತೆ ಅಂತ ಎಷ್ಟು ಸಲ ಹೇಳೋದು.

ತಮಿಳಲ್ಲಿ 'ಕಾಣಾಮಲ್ ಪೋನೋರ್' ಅಂದ್ರೆ ಕಾಣೆಯಾಗಿ ಹೋದವರು. 'ಕಾಣಾಮಲ್ ಆಕ್ಕಪ್ಪಟ್ಟೋರ್' ಅಂದ್ರೆ ಹೋದವರಲ್ಲ, ಯಾರೋ ಇಲ್ಲದ ಹಾಗೆ ಮಾಡಿದ್ದು. ಜಗಳ ಇರೋದೇ ಇಲ್ಲಿ. ಇವರನ್ನ ಹುಡುಕೋಕೆ ಅಂತ 2016ರ ಕಾಯ್ದೆಯಿಂದ ಅಲ್ಲಿನ ಸರ್ಕಾರ ತೆರೆದ ಕಚೇರಿಯ ತಮಿಳು ಹೆಸರಲ್ಲಿರೋದು 'ಪೋನ', 2017ರ ಫೆಬ್ರವರಿಯಿಂದ ಉತ್ತರದ ಊರು ಕಿಳಿನೊಚ್ಚಿಲಿ ರಸ್ತೆ ಬದಿ ಫೋಟೋ ಹಿಡ್ಕೊಂಡು ಕೂತ ತಾಯಂದಿರು ಹೇಳೋದು 'ಆಕ್ಕಪ್ಪಟ್ಟ'. ಅವರಲ್ಲಿ ಕೆಲವರು 2009ರ ಮೇನಲ್ಲಿ ಯುದ್ಧದ ಕೊನೇ ದಿನಗಳು ನಡೆದ ಮುಳ್ಳಿವಾಯ್ಕಾಲಿಂದ ವಟ್ಟುವಾಗಲ್ ಸೇತುವೆ ದಾಟಿ ಬಂದು, ಗಂಡನ್ನೋ ಮಗನ್ನೋ ತಾವೇ ಸೈನ್ಯಕ್ಕೆ ಒಪ್ಪಿಸಿದವರು. ಕೈಯಾರೆ ಒಪ್ಪಿಸಿದ ಮಗ ಕಾಣೆಯಾದ ಅಂತ ಹೇಗ್ರೀ ಬರೆಯೋದು? ನಮ್ಮಲ್ಲಿ ಕಾಣೆಯಾಗಿದ್ದಾರೆ ಅಂದ್ರೆ ಬಸ್‌ಸ್ಟಾಂಡ್ ಗೋಡೆ ಮೇಲಿನ ಪೊಲೀಸ್ ಪ್ರಕಟಣೆ ನೆನಪಾಗುತ್ತೆ, ಕೋಲು ಮುಖ, ಗೋಧಿ ಮೈಬಣ್ಣ, ಮನೆಯಿಂದ ಹೋದವರು ವಾಪಸ್ ಬಂದಿಲ್ಲ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ, 'ಕಾಣೆಯಾಗಿಸಿದವರು' ಅಂತ ಬರೆದ್ರೆ ಎಳ್ಕೊಂಡು ಹೋದವರೇ ಅಂತಾಗುತ್ತೆ, ಅರ್ಥ ಪೂರ್ತಿ ಉಲ್ಟಾ. ಹಾಗಾಗಿ ಕಿವಿಗೆ ಒರಟಾದ್ರೂ ನಾನು 'ಕಾಣೆ ಮಾಡಲ್ಪಟ್ಟವರು' ಅಂತಲೇ ಬರೀತೀನಿ. ಹಾಗಂತ ಎಲ್ಲಾ ಕಡೆ ಇದನ್ನೇ ತುರುಕಬೇಡಿ. ಕೆಲವು ಅಂಕಣಕಾರರು 'ಪೋನೋರ್' ಅಂತಲೂ ಬರೀತಾರೆ, ಅಭ್ಯಾಸಕ್ಕೋ, ಉದ್ದೇಶ ಇಟ್ಕೊಂಡೋ, ಅದು ಅವರ ಮಾತು, ತಿದ್ದೋಕೆ ನಾವ್ಯಾರು. ಚೆನ್ನೈ ಪೇಪರ್‌ಗಳ ಧಾಟಿ ಬೇರೆ, ಅಲ್ಲಿ ದೆಹಲಿ ಏನು ಮಾಡ್ತು, ಕಚ್ಚತೀವು ದ್ವೀಪ, ಮೀನುಗಾರರು, ಇದೇ ಜಾಸ್ತಿ. ಯಾಳ್ಪಾಣದ, ಅಂದ್ರೆ ಜಾಫ್ನಾದ, ಪೇಪರ್ ಬರೆಯೋದು ಸೈನ್ಯ ಇನ್ನೂ ಬಿಡದ ಹೊಲದ ಬಗ್ಗೆ, ಮರಣ ಪ್ರಮಾಣಪತ್ರ ಬೇಡ ಅನ್ನೋ ಅಮ್ಮನ ಬಗ್ಗೆ.

2025ರಲ್ಲಿ ಯಾಳ್ಪಾಣದ ಪಕ್ಕ ಚೆಮ್ಮಣಿಲಿ ಸಾಮೂಹಿಕ ಸಮಾಧಿ ಅಗೆದಾಗ 200ಕ್ಕೂ ಹೆಚ್ಚು ಅಸ್ಥಿಪಂಜರ ಸಿಕ್ತು, ಒಂದು ಮಗುವಿನ ಜೊತೆ ನೀಲಿ ಸ್ಕೂಲ್ ಬ್ಯಾಗು, ಆಟಿಕೆ. ಅದರ ಮೇಲಿನ ಅಂಕಣ ಕಳಿಸಿದಾಗ ಹುಡುಗ ಮತ್ತೆ ಫೋನ್ ಮಾಡಿದ, 'ಹೆಡಿಂಗ್‌ಗೆ ಜಾಗ ಸಾಲ್ತಿಲ್ಲ ಮೇಡಂ, ನಿಮ್ ಪದ ಉದ್ದ.' ಎರಡು ಲೈನ್ ಮಾಡಪ್ಪಾ ಅಂದೆ. ಮಾಡಿದ.