ತುಟಿ ಹೊಲಿದ ಮೇಲೆ ಹಲ್ಲಿನ ಕಥೆ

ಸೀಳು ತುಟಿಯ ಮಗುವಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ಆಪರೇಷನ್ ಆಗುತ್ತದೆ. ಅಂಗುಳವೂ (ಬಾಯಿಯ ಒಳಗಿನ ಮೇಲ್ಭಾಗ) ಸೀಳಿದ್ದರೆ ಅದನ್ನು ಒಂದು ವರ್ಷದ ಆಸುಪಾಸಿನಲ್ಲಿ ಮುಚ್ಚುತ್ತಾರೆ. ಅಲ್ಲಿಗೆ ಎಲ್ಲ ಮುಗಿಯಿತು ಅಂತ ಮನೆಯವರು ನಿರಾಳವಾಗುತ್ತಾರೆ. ಹಲ್ಲಿನ ಪ್ರಶ್ನೆ ಏಳುವುದು ಆಮೇಲೆ.

ಮೇಲಿನ ಸಾಲಿನಲ್ಲಿ, ನಡುವಿನ ಎರಡು ದೊಡ್ಡ ಹಲ್ಲಿಗೂ ಕೋರೆಹಲ್ಲಿಗೂ ಮಧ್ಯೆ ಒಂದು ಚಿಕ್ಕ ಬಾಚಿಹಲ್ಲು ಇರುತ್ತದೆ, ಅಲ್ವಾ? ಸೀಳು ಒಸಡಿಗೂ ಹಬ್ಬಿದ್ದರೆ ಜಾಸ್ತಿ ಪೆಟ್ಟು ಬೀಳುವುದು ಅದಕ್ಕೇ. ಕಾರಣ ಗರ್ಭದಲ್ಲಿದೆ. ಮೂಗಿನ ಕಡೆಯಿಂದ ಇಳಿಯುವ ಭಾಗವೂ ಕೆನ್ನೆಯ ಕಡೆಯಿಂದ ಬೆಳೆದು ಬರುವ ಭಾಗವೂ ಸುಮಾರು 6-7ನೇ ವಾರದಲ್ಲಿ ಕೂಡಿ ಮೇಲ್ತುಟಿಯಾಗುತ್ತದೆ. ಹಲ್ಲಿನ ಮೊಳಕೆಗಳು ಶುರುವಾಗುವುದೂ ಆ ಹೊತ್ತಿಗೇ. ಈ ಬಾಚಿಹಲ್ಲಿನ ಜಾಗ ಇರುವುದು ಅವೆರಡೂ ಕೂಡುವ ಕಡೆಯೇ. ಅಲ್ಲಿ ಸೀಳು ಉಳಿದರೆ ಕೆಲವು ಮಕ್ಕಳಿಗೆ ಆ ಹಲ್ಲೇ ಹುಟ್ಟುವುದಿಲ್ಲ. ಕೆಲವರಿಗೆ ಗೂಟದ ಹಾಗೆ ಸಣ್ಣಗೆ, ಮೊನಚಾಗಿ ಬರುತ್ತದೆ. ಇನ್ನು ಕೆಲವರಿಗೆ ಸೀಳಿನ ಪಕ್ಕ ಒಂದು ಹೆಚ್ಚಿನ ಹಲ್ಲೇ ಮೂಡುತ್ತದೆ! ನಡುವಿನ ದೊಡ್ಡ ಹಲ್ಲೂ ತಿರುಚಿಕೊಂಡು, ಎನಾಮಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ತೆಳುವಾಗಿ ಬರುವುದುಂಟು. ಅಂಥ ಹಲ್ಲು ಬೇಗ ಹುಳುಕಾಗುತ್ತದೆ. ಆ ಜಾಗ ಮುಟ್ಟಲು ಹೆದರಿ ಬ್ರಷ್ ಮಾಡಿಸದಿದ್ದರೆ ಇನ್ನೂ ಬೇಗ.

ಗ್ರಹಣದಲ್ಲಿ ಹೊರಗೆ ಬಂದಿದ್ದಕ್ಕೇ ಹೀಗಾಯಿತು ಅಂತ ತಾಯಿಯನ್ನು ದೂರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಸುಮ್ನೆ ಆಕೆಯನ್ನು ನೋಯಿಸುವ ಮಾತು ಅದು. ಜೀನುಗಳು, ಬಸುರಿಯಲ್ಲಿನ ಧೂಮಪಾನ, ಮೂರ್ಛೆರೋಗದ ಕೆಲವು ಔಷಧಗಳು ಇದಕ್ಕೆ ಕಾರಣವಾಗಬಲ್ಲವು. ಬಹಳಷ್ಟು ಸಲ ಇಂಥದ್ದೇ ಕಾರಣ ಅಂತ ಹೇಳಲಾಗುವುದಿಲ್ಲ.

ನನ್ನ ಪ್ರಕಾರ ಅಪ್ಪ ಅಮ್ಮ ಮರೆಯಲೇಬಾರದ ವಯಸ್ಸು 8ರಿಂದ 11. ಸೀಳು ಒಸಡಿಗೂ ಹಬ್ಬಿದ್ದರೆ, ತುಟಿ ಹೊಲಿದರೂ ಒಸಡಿನೊಳಗೆ ಮೂಳೆಯ ಬಿರುಕು ಹಾಗೇ ಇರುತ್ತದೆ. ಶಾಶ್ವತ ಕೋರೆಹಲ್ಲು ಇಳಿದು ಬರುವ ದಾರಿ ಅಲ್ಲೇ, ಮೂಳೆಯಿಲ್ಲದೆ ಅದು ಗಟ್ಟಿಯಾಗಿ ನಿಲ್ಲುವುದಿಲ್ಲ. ಅದಕ್ಕೇ ಆ ಹಲ್ಲು ಇಳಿಯುವ ಮುಂಚೆ, ಸಾಮಾನ್ಯವಾಗಿ ಸೊಂಟದ ಮೂಳೆಯಿಂದ ಸ್ವಲ್ಪ ಮೆದು ಭಾಗ ತೆಗೆದು ಬಿರುಕಿಗೆ ತುಂಬುತ್ತಾರೆ. ಅಂಗುಳ ಹೊಲಿದ ಕಲೆ ಮೇಲ್ದವಡೆಯನ್ನು ಇಕ್ಕಟ್ಟು ಮಾಡಿದ್ದರೆ, ಎಷ್ಟೋ ಸಲ ಮೊದಲು ಅದನ್ನು ಅಗಲ ಮಾಡಬೇಕಾಗುತ್ತದೆ. ಹಾಗಾಗಿ 7 ವರ್ಷದ ಹೊತ್ತಿಗೇ ಹಲ್ಲು ನೇರ ಮಾಡುವ ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ಇಲ್ಲದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಕೃತಕ ಹಲ್ಲು) ಹಾಕಿಸುವ ಯೋಚನೆ ಮಾತ್ರ ದವಡೆಯ ಬೆಳವಣಿಗೆ ನಿಂತ ಮೇಲೆ. ಅಲ್ಲಿವರೆಗೆ ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಕೃತಕ ಹಲ್ಲು ಸಾಕು.